ತೂಕ ಇಳಿದ ಮೇಲಿನ ಕಥೆ ಯಾರೂ ಬರೆಯುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುರವಣಿಯಲ್ಲಿ ತೂಕ ಇಳಿಸುವ ಬಗ್ಗೆ ಬರುವ ಲೇಖನ ಎಲ್ಲ ನಾನು ಬಿಡದೆ ಓದುವವಳು, ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೂ ಉಂಟು, ಆದ್ರೆ ಒಂದು ವಿಷಯ ಹೇಳ್ಲೇಬೇಕು ಅಂತ ತುಂಬ ಸಮಯದಿಂದ ಮನಸ್ಸಲ್ಲಿತ್ತು. ಎಲ್ಲ ಲೇಖನದಲ್ಲೂ ಎರಡು ಫೋಟೋ ಇರ್ತದೆ. ಎಡಗಡೆ ಒಬ್ಬರು ದಪ್ಪ ಇದ್ದು ಮುಖ ಸಪ್ಪೆ ಮಾಡಿ ನಿಂತಿರ್ತಾರೆ, ಬಲಗಡೆ ಅವರೇ ಸಪೂರ ಆಗಿ ನಗಾಡ್ತಾ ನಿಂತಿರ್ತಾರೆ. ಕೆಳಗೆ ಎಂತ ತಿಂದ್ರು ಎಂತ ಬಿಟ್ರು ಅಂತ ಪಟ್ಟಿ. ಮುಗೀತು ಅಲ್ಲಿಗೆ. ಆ ಬಲಗಡೆಯ ಫೋಟೋ ತೆಗೆದ ಮರುದಿನದಿಂದ ಅವರಿಗೆ ಎಂತ ಆಯ್ತು, ಐದು ವರ್ಷ ಕಳೆದ ಮೇಲೆ ಅವರ ತೂಕ ಎಷ್ಟು, ಮದುವೆಮನೆಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದಾ, ರಾತ್ರಿ ನಿದ್ದೆ ಬರ್ತದಾ, ಇದನ್ನೆಲ್ಲ ಯಾರೂ ಬರೆದದ್ದು ನಾನು ಇಷ್ಟರವರೆಗೆ ನೋಡ್ಲಿಲ್ಲ. ನನ್ನ ಪ್ರಕಾರ ಕಷ್ಟದ ಭಾಗ ಶುರು ಆಗುದೇ ಅಲ್ಲಿಂದ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ, ಒಂದಿಷ್ಟು ಅಡಿಕೆ ತೋಟ ಉಂಟು, ನಾನು ಪೇಟೆಯಲ್ಲಿ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಇರುದು, ಪ್ರಾಯ ಐವತ್ತರ ಹತ್ರ. ಶುಗರ್ ಗಡಿಯಲ್ಲಿ ಬಂದು ನಿಂತಿದೆ, ತೂಕ ಇಳಿಸದಿದ್ರೆ ಮಾತ್ರೆ ಶುರು ಮಾಡ್ಬೇಕಾಗ್ತದೆ ಅಂತ ಡಾಕ್ಟ್ರು ಹೇಳಿದ ಮೇಲೆ ಹದಿನೇಳು ಹದಿನೆಂಟು ಕಿಲೋ ಇಳಿಸಿದೆ. ಹೇಗೆ ಇಳಿಸಿದೆ ಅಂತ ಕೇಳ್ಬೇಡಿ, ಅದರಲ್ಲಿ ಹೊಸತು ಎಂತದ್ದೂ ಇಲ್ಲ, ಕುಚ್ಚಿಲು ಅನ್ನ ಕಮ್ಮಿ, ತರಕಾರಿ ಜಾಸ್ತಿ, ಸಂಜೆ ಚಾಯದೊಟ್ಟಿಗೆ ಪಳಂಪೊರಿ ಗೋಳಿಬಜೆ ಬಂದ್, ರಬ್ಬರ್ ತೋಟದ ಮಾರ್ಗದಲ್ಲಿ ನಡಿಗೆ. ಅದನ್ನು ನಿಮ್ಮ ಪುರವಣಿಯೇ ಸಾಕಷ್ಟು ಸಲ ಬರೆದಾಗಿದೆ.

ನಾನು ಹೇಳ್ಲಿಕ್ಕೆ ಹೊರಟದ್ದು ಅದರ ನಂತರದ್ದು. ಮೊದಲಾಗಿ ಊರಿನವರ ಬಾಯಿ. ದಪ್ಪ ಇದ್ದಾಗ ಯಾರೂ ನನ್ನ ಆರೋಗ್ಯ ವಿಚಾರಿಸಿದವರಲ್ಲ ಮಾರಾಯ್ರೆ, ಸಪೂರ ಆದ ಮೇಲೆ ಇಡೀ ಊರಿಗೆ ನನ್ನ ಆರೋಗ್ಯದ ಚಿಂತೆ ಹಿಡೀತು. "ಎಂತ ಇಷ್ಟು ಸೊರಗಿದ್ದಿ, ಶುಗರಾ?" "ಥೈರಾಯ್ಡ್ ಚೆಕ್ ಮಾಡಿಸಿದ್ಯಾ?" ಅಂತ ಬಸ್ಸಲ್ಲಿ ನಾಲ್ಕು ಸೀಟು ಆಚೆಯಿಂದ ಕೇಳುದು. ಒಬ್ಬರು ದೂರದ ಸಂಬಂಧದ ದೊಡ್ಡಮ್ಮ ಅಂತೂ ನನ್ನ ಗಂಡನನ್ನು ಬದಿಗೆ ಕರೆದು ಗುಟ್ಟಲ್ಲಿ, ಮಂಗಳೂರಿಗೆ ಕರ್ಕೊಂಡು ಹೋಗಿ ಒಮ್ಮೆ ಸ್ಕ್ಯಾನ್ ಮಾಡಿಸು, ಆ ರೋಗ ಅಲ್ಲ ಅಂತ ಆದ್ರೂ ಗೊತ್ತಾಗ್ಲಿ ಅಂತ ಹೇಳಿದ್ದಂತೆ. ಅವರ ಮೇಲೆ ಸಿಟ್ಟು ಮಾಡ್ಲಿಕ್ಕೆ ನನಗೆ ಆಗುದಿಲ್ಲ. ನಮ್ಮ ಈ ಕಡೆ, ಎಣ್ಮಕಜೆ, ಸ್ವರ್ಗ, ಪಡ್ರೆ ಊರುಗಳ ಭಾಗದಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಡ್ತಾ ಇದ್ದದ್ದು 2000ದವರೆಗೂ ನಡೆದದ್ದು, ಅದರ ನಂತರ ಮನೆಮನೆಯಲ್ಲಿ ಎಂತೆಂತ ಕಾಯಿಲೆ ನೋಡಿದ ಜನ ಇದು, ಒಬ್ಬರು ಸಪೂರ ಆದ್ರು ಅಂದ್ರೆ ಅವರ ಎದೆ ಧಸಕ್ ಅನ್ನುದು ಸಹಜ. ಆದ್ರೆ ಇಷ್ಟು ಕಷ್ಟಪಟ್ಟು ಇಳಿಸಿದವಳಿಗೆ ದಿನಾ ಇದನ್ನೇ ಕೇಳಿದ್ರೆ ಎಂತ ಆಗ್ತದೆ ಅಂದ್ರೆ, ಕನ್ನಡಿ ನೋಡುವಾಗ ಕಣ್ಣಿನ ಕೆಳಗಿನ ಕಪ್ಪು, ಕುತ್ತಿಗೆಯ ಜೋಲು ಚರ್ಮ ಮಾತ್ರ ಕಾಣ್ತದೆ, ನನಗೇ ಸಂಶಯ ಬಂದು ಎರಡೆರಡು ಸಲ ರಕ್ತ ಪರೀಕ್ಷೆ ಮಾಡಿಸಿದ್ದುಂಟು.

ಇನ್ನು ಹೊಗಳುವವರು. ಇದು ಅದಕ್ಕಿಂತ ಭಾರ. "ಈಗ ಎಷ್ಟು ಚಂದ ಕಾಣ್ತೀರಿ ಮೇಡಂ" ಅಂತ ನಮ್ಮ ಆಫೀಸಿಗೆ ಬರುವವರು ಹೇಳುವಾಗ ಒಂದು ಕ್ಷಣ ಖುಷಿ ಆಗುದು ಹೌದು, ಸುಳ್ಳು ಹೇಳುದಿಲ್ಲ, ಮನೆಗೆ ಹೋಗುವ ಬಸ್ಸಲ್ಲಿ ಕೂತಾಗ ಮಾತ್ರ ಬೇರೆ ಯೋಚನೆ ಬರುದು, ಹಾಗಾದ್ರೆ ಇಪ್ಪತ್ತು ವರ್ಷ ಇದೇ ಕೌಂಟರಲ್ಲಿ ಕೂತವಳು ಇವರ ಕಣ್ಣಿಗೆ ಹೇಗೆ ಕಾಣ್ತಾ ಇದ್ದಳು? ಮತ್ತೆ ಈ ಹೊಗಳಿಕೆ ಆರೇಳು ತಿಂಗಳಲ್ಲಿ ಮುಗೀತದೆ. ಜನರಿಗೆ ಅಭ್ಯಾಸ ಆಗ್ತದೆ, ನೀವು ಸಪೂರ ಇರುದು ಮಾಮೂಲು ಅಂತ ಆಗ್ತದೆ, ಆದ್ರೆ ನೀವು ಮಾಡುವ ಕೆಲಸ ಒಂಚೂರೂ ಕಮ್ಮಿ ಆಗಿರುದಿಲ್ಲ, ಮೊದಲು ಎಷ್ಟು ಜಾಗ್ರತೆ ಮಾಡ್ತಿದ್ರೋ ಈಗಲೂ ಅಷ್ಟೇ ಮಾಡ್ಬೇಕು, ತೂಕದ ಮೆಷಿನು ಮಾತ್ರ ಅದೇ ನಂಬರು ತೋರಿಸ್ತಾ ಕೂತಿರ್ತದೆ. ಇಳಿಯುವಾಗ ಪ್ರತಿ ವಾರ ಒಂದು ಸಣ್ಣ ಹಬ್ಬ ಇತ್ತು, ಈಗ ಏನೂ ಆಗದೆ ಇರುದೇ ಗೆಲುವು, ಅದಕ್ಕೆ ಚಪ್ಪಾಳೆ ಹೊಡೆಯುವವರು ಯಾರು?

ನನ್ನ ರವಿಕೆ ಹೊಲಿಯುವ ಅಕ್ಕ ಒಬ್ಬರಿದ್ದಾರೆ ಪೇಟೆಯಲ್ಲಿ, ಎಷ್ಟೋ ವರ್ಷದಿಂದ ನನ್ನ ಅಳತೆ ಅವರ ಪುಸ್ತಕದಲ್ಲಿ ಉಂಟು, ಹಳೇ ಅಳತೆ ಹೊಡೆದು ಹಾಕಿ ಹೊಸತು ಬರೆದ ದಿನ ಅವರಿಗೂ ಖುಷಿ. ರವಿಕೆ ತರ್ಲಿಕ್ಕೆ ಹೋದಾಗ ಒಳಮಗ್ಗುಲು ಮಡಚಿ ತೋರಿಸಿದ್ರು, ಎರಡೂ ಬದಿಯಲ್ಲಿ ಒಂದೂವರೆ ಇಂಚಿನಷ್ಟು ಬಟ್ಟೆ ಬಿಟ್ಟು ಮೂರು ಮೂರು ಹೊಲಿಗೆ ಹಾಕಿದ್ರು. "ಒಳಗೆ ಬಟ್ಟೆ ಬಿಟ್ಟಿದ್ದೇನೆ ಅಕ್ಕಾ, ಬೇಕಾದ್ರೆ ಒಂದೊಂದೇ ಹೊಲಿಗೆ ಬಿಚ್ಚಿದ್ರೆ ಆಯ್ತು, ಹೊಸತು ಹೊಲಿಸ್ಬೇಕು ಅಂತ ಇಲ್ಲ" ಅಂದ್ರು. ಪಾಪ ಅವರು ನನ್ನ ದುಡ್ಡು ಉಳಿಸ್ಲಿಕ್ಕೆ ಮಾಡಿದ್ದು, ಎಲ್ಲರಿಗೂ ಹಾಗೆಯೇ ಮಾಡುದು ಅವರು. ನನಗೆ ಮಾತ್ರ ಗಂಟಲು ಕಟ್ಟಿತು. ನನ್ನ ಮೇಲೆ ಇಷ್ಟು ನಂಬಿಕೆ ಇಲ್ವಾ ಅಂತ ಒಂದು ಕಡೆ, ಅಬ್ಬಾ ದಪ್ಪ ಆದ್ರೂ ಈ ಅಕ್ಕ ಬೇಜಾರು ಮಾಡ್ಕೊಳ್ಳುದಿಲ್ಲ ಅಂತ ಇನ್ನೊಂದು ಕಡೆ. ಮನೆಯ ಕಪಾಟಲ್ಲಿ ದೊಡ್ಡ ರವಿಕೆಗಳೂ ಹಾಗೇ ಉಂಟು, ಕೊಟ್ಟು ಬಿಡುವ ಅಂತ ತೆಗೆದು ಕಟ್ಟಿ ಇಟ್ಟದ್ದು, ಕೊಡ್ಲಿಕ್ಕೆ ಕೈ ಬರುದಿಲ್ಲ. ಕೊಟ್ಟ ಮೇಲೆ ಪುನಃ ಬೇಕಾದ್ರೆ ಅನ್ನುವ ಹೆದರಿಕೆ. ತೂಕ ಇಳಿಸಿದವರ ಪೈಕಿ ಯಾರ ಮನೆಯಲ್ಲಿ ನೋಡಿದ್ರೂ ಇಂಥದ್ದೊಂದು ಕಟ್ಟು ಸಿಗ್ತದೆ ನಿಮಗೆ.

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ ಅಂತ ನನಗೆ ಗೊತ್ತಾದದ್ದು ಮಗಳು ಮೊಬೈಲಲ್ಲಿ ಹುಡುಕಿ ಓದಿ ಹೇಳಿದ ಮೇಲೆ. 2011ರಲ್ಲಿ ಆಸ್ಟ್ರೇಲಿಯಾದವರು ಒಂದು ಅಧ್ಯಯನ ಪ್ರಕಟಿಸಿದ್ದಾರೆ, 50 ಜನರಿಗೆ 10 ವಾರ ತುಂಬ ಕಮ್ಮಿ ಕ್ಯಾಲರಿಯ ಊಟ ಕೊಟ್ಟು ತೂಕ ಇಳಿಸಿ, ಆಮೇಲೆ ಒಂದು ವರ್ಷ ಬಿಟ್ಟು ಅವರ ರಕ್ತ ನೋಡಿದ್ರು. ಹೊಟ್ಟೆ ತುಂಬಿತು ಅಂತ ಹೇಳುವ ಲೆಪ್ಟಿನ್ ಅನ್ನುವ ಹಾರ್ಮೋನು ಕಮ್ಮಿಯೇ ಇತ್ತು, ಹಸಿವು ಎಬ್ಬಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿಯೇ ಇತ್ತು, ವರ್ಷ ಕಳೆದ್ರೂ ಶರೀರ ಮರೆತಿರ್ಲಿಲ್ಲ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆ ಇತ್ತಲ್ಲ, ಅದರಲ್ಲಿ ಭಾಗವಹಿಸಿದ 14 ಜನರನ್ನು ಆರು ವರ್ಷ ಕಳೆದು ಪರೀಕ್ಷೆ ಮಾಡಿದ್ದು 2016ರಲ್ಲಿ ಬಂತು. ಹೆಚ್ಚಿನವರ ತೂಕ ವಾಪಸು ಬಂದಿತ್ತು, ಆದ್ರೆ ಅವರ ಶರೀರ ಸುಮ್ಮನೆ ಕೂತಾಗ ಖರ್ಚು ಮಾಡುವ ಕ್ಯಾಲರಿ ಆ ಗಾತ್ರದವರಿಗೆ ಇರ್ಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500ರಷ್ಟು ಕಮ್ಮಿ ಇತ್ತು. ಅಂದ್ರೆ ಇಳಿದವರ ಶರೀರ ಉಳಿತಾಯಕ್ಕೆ ಇಳಿದು ಬಿಡ್ತದೆ, ಹಸಿವು ಮಾತ್ರ ಜಾಸ್ತಿ ಮಾಡ್ತದೆ. ಇದನ್ನು ಓದಿ ನನಗೆ ಹೆದರಿಕೆ ಆಗ್ಬೇಕಿತ್ತು, ಸತ್ಯ ಹೇಳುದಾದ್ರೆ ಸಮಾಧಾನ ಆಯ್ತು. ರಾತ್ರಿ ಹತ್ತು ಗಂಟೆಗೆ ಹಪ್ಪಳದ ಡಬ್ಬಿ ಹತ್ರ ಕಾಲು ಎಳೆದುಕೊಂಡು ಹೋಗುದು ನನ್ನ ನಾಲಿಗೆ ಚಪಲ ಅಂತ ನಾನೂ ನನ್ನ ಮನೆಯವರೂ ಅಂದುಕೊಂಡದ್ದು.

ಅದಕ್ಕಿಂತ ಹಳೇದು ಒಂದುಂಟು, ಇದನ್ನು ಡಯಟ್ ಚಾರ್ಟ್ ಬರೆಯುವವರು ಎಲ್ಲರೂ ಓದ್ಬೇಕು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಜನ ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ರು, ಯುದ್ಧದಲ್ಲಿ ಹಸಿದ ಯುರೋಪಿನ ಜನರನ್ನು ಹೇಗೆ ಪುನಃ ಉಣಿಸಿ ಎಬ್ಬಿಸುದು ಅಂತ ತಿಳಿಯುದು ಉದ್ದೇಶ. ಊಟ ದಿನಕ್ಕೆ 1,600 ಕ್ಯಾಲರಿಯ ಹತ್ರ, ವಾರಕ್ಕೆ 22 ಮೈಲು ನಡೀಬೇಕು. ಅವರೆಲ್ಲ ಸ್ವಂತ ಇಚ್ಛೆಯಿಂದ ಬಂದ ಗಟ್ಟಿ ಮನಸ್ಸಿನ ಯುವಕರು, ಯುದ್ಧಕ್ಕೆ ಹೋಗುದಿಲ್ಲ ಅಂತ ತತ್ವ ಹಿಡಿದು ನಿಂತವರು. ಕೆಲವೇ ತಿಂಗಳಲ್ಲಿ ಅವರು ಸಿಡುಕರಾದ್ರು, ಮಂಕಾದ್ರು, ಯಾರೊಟ್ಟಿಗೂ ಸೇರುದು ಬೇಡ ಅಂತ ಆಯ್ತು, ಇಡೀ ದಿನ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಹಿಡ್ಕೊಂಡು ಓದ್ಲಿಕ್ಕೆ ಶುರು, ತಟ್ಟೆ ನೆಕ್ಕುದು. ಪುನಃ ಸರಿಯಾಗಿ ಊಟ ಸಿಕ್ಕಿದ ಮೇಲೂ ಎಷ್ಟೋ ತಿಂಗಳು ಕೆಲವರಿಗೆ ತಿಂದಷ್ಟೂ ಸಾಕಾಗ್ತಾ ಇರ್ಲಿಲ್ಲ. ಈಗ ನಮ್ಮ ಹೆಂಗಸರಿಗೆ ವಾಟ್ಸಾಪಲ್ಲಿ ಬರುವ ಚಾರ್ಟುಗಳನ್ನು ನೋಡಿ, 1,200 ಕ್ಯಾಲರಿ ಅಂತ ಬರೆದಿರ್ತಾರೆ! ಅದನ್ನು ಹಿಡ್ಕೊಂಡು ಮನೆ ಕೆಲಸ, ತೋಟದ ಕೆಲಸ, ಆಫೀಸು ಎಲ್ಲ ಮಾಡಿ ಸಿಡುಕಿದ್ರೆ "ಇವಳಿಗೆ ಎಂತ ಆಗಿದೆ" ಅಂತ ಮನೆಯವರು ಕೇಳುದು. ನನ್ನ ಯಜಮಾನರು ಒಳ್ಳೆ ಮನುಷ್ಯ, ಅವರೇ ಒಂದು ದಿನ "ತೂಕದೊಟ್ಟಿಗೆ ನಿನ್ನ ತಾಳ್ಮೆಯೂ ಇಳಿದಿದೆ" ಅಂದ್ರು. ತಮಾಷೆಗೆ ಹೇಳಿದ್ದು, ಆದ್ರೆ ಸಮ ಇತ್ತು ಅವರು ಹೇಳಿದ್ದು.

ಸಿಟ್ಟಿಗೆ ಹಸಿವು ಒಂದೇ ಕಾರಣ ಅಲ್ಲ ಅಂತ ನನಗೆ ಮತ್ತೆ ಕಂಡದ್ದು. ನಾನು ತಿಂತಾ ಇದ್ದದ್ದು ಯಾವಾಗ ಅಂತ ಯೋಚಿಸಿ ನೋಡಿದೆ. ಹೊಟ್ಟೆ ಹಸಿದು ಊಟದ ಹೊತ್ತಿಗೆ ತಿಂದದ್ದು ಅಲ್ಲ ನನ್ನನ್ನು ದಪ್ಪ ಮಾಡಿದ್ದು. ಆಫೀಸಲ್ಲಿ ಸಾಲದ ಕಂತು ಕಟ್ಟದವರ ಹತ್ರ ಬೈಸಿಕೊಂಡು ಬಂದ ದಿನ, ಸಂಜೆ ಆರು ಗಂಟೆಗೆ ಚಪ್ಪಲಿ ಬಿಟ್ಟು ಸೀದಾ ಅಡುಗೆ ಕೋಣೆಗೆ ಹೋಗಿ ಲೈಟು ಕೂಡಾ ಹಾಕದೆ ನಿಂತಲ್ಲೇ ಹಲಸಿನ ಚಿಪ್ಸ್ ಡಬ್ಬಿಗೆ ಕೈ ಹಾಕುದು, ಅದು ಅಭ್ಯಾಸ. ನನ್ನ ಅಮ್ಮ ತೀರಿಹೋದ ವರ್ಷ ನಾನು ಅತ್ತದ್ದು ಕಮ್ಮಿ, ತಿಂದದ್ದು ಜಾಸ್ತಿ. ಯಾರಿಗೂ ಗೊತ್ತಾಗ್ಲಿಲ್ಲ, ಮನೆಗೆ ಬಂದವರೆಲ್ಲ "ಪಾಪ ಗಟ್ಟಿ ಹೆಂಗಸು, ಸುಧಾರಿಸಿಕೊಂಡಿದ್ದಾಳೆ" ಅಂತ ಹೇಳಿ ಹೋದ್ರು. ಈಗ ಆ ಡಬ್ಬಿ ಮುಚ್ಚಿಟ್ಟೆ ಅಂತ ಇಟ್ಕೊಳ್ಳಿ, ಒಳಗಿನ ಬೇಜಾರು ಎಲ್ಲಿಗೆ ಹೋಗ್ಬೇಕು? ಅದು ಹೋಗುದಿಲ್ಲ, ಎದ್ದು ಬರ್ತದೆ. ತೂಕ ಇಳಿದ ಮೇಲೆ ನಾನು ಅಮ್ಮನನ್ನು ನೆನೆದು ಅತ್ತಷ್ಟು ಅಮ್ಮ ಹೋದಾಗ ಅಳ್ಲಿಲ್ಲ, ಸಣ್ಣ ಸಣ್ಣ ವಿಷಯಕ್ಕೆ ಅಳು, ಮಿಕ್ಸಿ ಕೆಟ್ಟದ್ದಕ್ಕೂ ಅಳು. ಆಗ ನನಗೆ ಬೇಕಾದ್ದು ಹೊಸ ಡಯಟ್ ಚಾರ್ಟ್ ಅಲ್ಲ, ಮಾತಾಡ್ಲಿಕ್ಕೆ ಒಂದು ಜನ. ಈ ವಿಷಯ ಯಾವ ಪುರವಣಿಯಲ್ಲಿ ಬರ್ತದೆ ಹೇಳಿ?

ಮತ್ತೆ ನಮ್ಮ ಜಂಬ್ರಗಳು, ಅಂದ್ರೆ ಮದುವೆ ಮುಂಜಿಯಂಥ ಸಮಾರಂಭಗಳು. ಹವ್ಯಕರ ಊಟ ನೋಡಿದವರಿಗೆ ಗೊತ್ತುಂಟು, ಹಂತಿಯಲ್ಲಿ ಕೂತ ಮೇಲೆ ಬೇಡ ಅನ್ನುವ ಶಬ್ದಕ್ಕೆ ಬೆಲೆ ಇಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ್ರೂ ಬೆರಳ ಸಂದಿಯಿಂದ ಹೋಳಿಗೆ ಇಳಿಸುವ ಸಾಮರ್ಥ್ಯ ಬಡಿಸುವ ನಮ್ಮ ಸುಧರಿಕೆಯವರಿಗೆ ಉಂಟು, ಮೇಲಿಂದ ಕಾಯಿಹಾಲು ಸುರೀತಾರೆ, ಒಂದು ಕಡೆ ಚೂರ್ಣಿಕೆ ಹೇಳ್ತಾ ಇರ್ತಾರೆ, ಗೌಜಿಯೇ ಗೌಜಿ, ಅದರ ಮಧ್ಯೆ ನೀವು ನನಗೆ ಶುಗರು ಅಂತ ಯಾರ ಕಿವಿಗೆ ಹೇಳ್ತೀರಿ. ಇದು ನಮ್ಮದು ಮಾತ್ರ ಅಂತ ಇಲ್ಲ. ಈ ಗಡಿನಾಡಲ್ಲಿ ಎಲ್ಲರ ಹಬ್ಬವೂ ಎಲ್ಲರ ಹೊಟ್ಟೆಗೆ, ಅಷ್ಟಮಿ ಚೌತಿ ನಮ್ಮದು, ಓಣಂ ಬಂದ್ರೆ ಆಫೀಸಲ್ಲಿ ಎರಡು ಬಗೆ ಪಾಯಸ, ಪೆರ್ನಾಲಿಗೆ, ಅಂದ್ರೆ ಈದ್ ಹಬ್ಬಕ್ಕೆ, ನೆರೆಮನೆಯ ಬ್ಯಾರ್ತಿ ಅಕ್ಕ ಸಿಹಿ ಕಳಿಸದೆ ಇರುದಿಲ್ಲ, ಮಧೂರಿಗೆ ಹೋಗಿ ಬಂದವರು ಅಪ್ಪ ಪ್ರಸಾದ ಕೊಡ್ತಾರೆ, ದೇವರ ಪ್ರಸಾದ ಬೇಡ ಅಂತ ಹೇಳುವ ಬಾಯಿ ಯಾರಿಗುಂಟು. ಇಲ್ಲಿ ಬೇಡ ಅನ್ನುದು ಅಂದ್ರೆ ತಿಂಡಿ ಬೇಡ ಅಂತ ಅಲ್ಲ, ಕೊಟ್ಟವರು ಬೇಡ ಅಂತ ಆಗ್ತದೆ.

ಅತ್ತೆಯವರದ್ದು ಇನ್ನೂ ಸೂಕ್ಷ್ಮ. ಎಂಬತ್ತು ದಾಟಿದೆ ಅವರಿಗೆ, ಮಳೆಗಾಲದಲ್ಲಿ ಕೆಸುವಿನ ಎಲೆ ತಾವೇ ಕೊಯ್ದು ಪತ್ರೊಡೆ ಮಾಡುವವರು, ನಾನು ಎರಡು ತುಂಡು ತಿಂದು ಎದ್ದರೆ ಮುಖ ಸಣ್ಣ ಮಾಡ್ತಾರೆ. "ನನ್ನ ಕೈ ಅಡುಗೆ ಈಗ ನಿನಗೆ ಮೆಚ್ಚುದಿಲ್ವಾ ಕೂಸೇ" ಅಂತ ಕೇಳಿದ್ರು ಒಮ್ಮೆ. ಅವರಿಗೆ ಹಾರ್ಮೋನಿನ ಲೆಕ್ಕ ಹೇಳಿ ಆಗುದುಂಟಾ? ನಾವು ಒಂದು ಒಪ್ಪಂದಕ್ಕೆ ಬಂದದ್ದು ಹೀಗೆ, ಅವರು ಮಾಡುವಾಗ ನಾನು ಪಕ್ಕದಲ್ಲಿ ಕೂತು ಎಲೆಗೆ ಹಿಟ್ಟು ಹಚ್ಚುದು, ಸುರುಳಿ ಸುತ್ತುದು, ಆ ಹೊತ್ತಲ್ಲಿ ಅವರ ಹಳೇ ಕಥೆ ಕೇಳುದು. ತಿನ್ನುವ ಲೆಕ್ಕ ಅವರು ಈಗ ಇಡುದಿಲ್ಲ. ಅವರಿಗೆ ಬೇಕಾಗಿದ್ದದ್ದು ಜೊತೆಗೆ ಕೂರುವ ಜನ, ಅಷ್ಟೇ ಅಂತ ಕಾಣ್ತದೆ. ಎಲ್ಲ ಮನೆಯಲ್ಲಿ ಇದು ನಡೀತದೆ ಅಂತ ನಾನು ಹೇಳುದಿಲ್ಲ, ಕೆಲವು ಅತ್ತೆಯಂದಿರಿಗೆ ಸೊಸೆ ತಿಂದ್ರೂ ಕಷ್ಟ ಬಿಟ್ರೂ ಕಷ್ಟ.

ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆ. 2025ರ ಮಾರ್ಚಲ್ಲಿ ಮೌಂಜಾರೋ, ಜೂನಲ್ಲಿ ವೆಗೋವಿ ಅಂತ ನಮ್ಮ ದೇಶಕ್ಕೂ ಬಂತು, ಅದಕ್ಕೂ ಮೊದಲೇ ಗಲ್ಫಿಂದ ರಜೆಗೆ ಬರುವವರ ಬಾಯಲ್ಲಿ ನಾವು ಈ ಹೆಸರೆಲ್ಲ ಕೇಳಿದ್ದೆವು, ನಮ್ಮ ಜಿಲ್ಲೆಯಲ್ಲಿ ದುಬೈ ಅಂದ್ರೆ ಆಚೆ ಮನೆ ಇದ್ದ ಹಾಗೆ ಅಲ್ವಾ. ಅದರ ವಿರುದ್ಧ ನನ್ನದು ಏನೂ ಇಲ್ಲ, ಬೇಕಾದವರಿಗೆ ಡಾಕ್ಟ್ರು ನೋಡಿ ಕೊಡ್ಲಿ, ತಲೆಯೊಳಗೆ ಇಡೀ ದಿನ ಕೇಳುವ ಊಟದ ಗಲಾಟೆ ಅದು ಹಾಕಿದ ಮೇಲೆ ನಿಂತಿತು ಅಂತ ಹೇಳುವವರು ಇದ್ದಾರೆ, ಅದನ್ನು ಕೇಳುವಾಗ ನನಗೆ ಹೊಟ್ಟೆಕಿಚ್ಚು ಆದದ್ದೂ ಹೌದು. ಆದ್ರೆ ವೆಗೋವಿಯಲ್ಲಿ ಇರುವ ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸು ಬಂತು ಅಂತ 2022ರಲ್ಲೇ ಅಧ್ಯಯನ ಬಂದಿದೆ. ನಿಲ್ಲಿಸಿದವರು ಆಗ ತಮ್ಮನ್ನೇ ಬೈಕೊಳ್ತಾರೆ, ಮದ್ದು ಮುಗಿದದ್ದನ್ನು ಬೈಯುದಿಲ್ಲ.

ಈ ಬೈಕೊಳ್ಳುವ ವಿಷಯ ನನಗೆ ಅರ್ಥ ಆಗುದೇ ಇಲ್ಲ. ಅಡಿಕೆಗೆ ಕೊಳೆರೋಗ ಬರ್ತದೆ ಅಂತ ಪ್ರತಿ ಮಳೆಗಾಲ ಬೋರ್ಡೋ ಮದ್ದು ಬಿಡ್ತೇವೆ, ಕಳೆದ ವರ್ಷ ಬಿಟ್ಟಿದ್ದೆ ಈ ವರ್ಷ ಪುನಃ ಯಾಕೆ ಬೇಕು, ಈ ಮರಕ್ಕೆ ಮರ್ಯಾದೆ ಇಲ್ಲ ಅಂತ ಯಾರಾದ್ರೂ ಮರಕ್ಕೆ ಬೈತಾರಾ? ಮಳೆ ಬರುವಷ್ಟು ವರ್ಷ ಮದ್ದು ಬಿಡುದೇ. ತೂಕದ ವಿಷಯದಲ್ಲಿ ಮಾತ್ರ ಒಮ್ಮೆ ಇಳಿಸಿದ್ರೆ ಮುಗೀತು, ವಾಪಸು ಬಂದ್ರೆ ನಿನ್ನ ಆಲಸ್ಯ ಅಂತ ಹೇಳುದು.

ಉಳಿಸಿಕೊಂಡವರು ಇಲ್ಲವೇ ಇಲ್ಲ ಅಂತ ಅಲ್ಲ. ಅಮೆರಿಕದಲ್ಲಿ 1994ರಿಂದ ಒಂದು ನೋಂದಣಿ ಪುಸ್ತಕವೇ ಉಂಟು, ರೆನಾ ವಿಂಗ್, ಜೇಮ್ಸ್ ಹಿಲ್ ಅನ್ನುವವರು ಶುರು ಮಾಡಿದ್ದು, 13.6 ಕಿಲೋ ಅಥವಾ ಹೆಚ್ಚು ಇಳಿಸಿ ಒಂದು ವರ್ಷವಾದ್ರೂ ಹಿಡಿದಿಟ್ಟವರನ್ನು ಮಾತ್ರ ಸೇರಿಸುದು, ಸಾವಿರಗಟ್ಟಲೆ ಜನ ಅದರಲ್ಲಿ ಇದ್ದಾರೆ. ಹೆಚ್ಚಿನವರು ದಿನಕ್ಕೆ ಒಂದು ಗಂಟೆಯ ಹತ್ರ ನಡಿಗೆಯೋ ವ್ಯಾಯಾಮವೋ ಮಾಡ್ತಾರೆ, ನಾಲ್ಕರಲ್ಲಿ ಮೂರು ಜನ ವಾರಕ್ಕೊಮ್ಮೆಯಾದ್ರೂ ತೂಕ ನೋಡ್ತಾರೆ, ಬೆಳಗ್ಗಿನ ತಿಂಡಿ ಬಿಡುದಿಲ್ಲ. ನನಗೆ ಅದರಲ್ಲಿ ಮೆಚ್ಚಿದ್ದು ಇನ್ನೊಂದು ಮಾತು, ಎರಡು ವರ್ಷಕ್ಕಿಂತ ಹೆಚ್ಚು ಹಿಡಿದಿಟ್ಟವರಿಗೆ ವಾಪಸು ಬರುವ ಸಂಭವ ತುಂಬ ಕಮ್ಮಿ ಆಗ್ತದಂತೆ, ಬರ್ತಾ ಬರ್ತಾ ಕಷ್ಟವೂ ಕಮ್ಮಿ ಅನ್ನಿಸ್ತದಂತೆ. ಇಂಥ ಮಾತು ಯಾರಾದ್ರೂ ಆರಂಭದಲ್ಲಿ ಹೇಳಿದ್ರೆ ಎಷ್ಟು ಧೈರ್ಯ ಬರ್ತಿತ್ತು. ನನಗೆ ಈಗ ಎರಡು ಕಿಲೋ ಹೆಚ್ಚಾಗಿದೆ, ಮಳೆಗಾಲದಲ್ಲಿ ನಡಿಗೆ ತಪ್ಪಿ, ಅದನ್ನು ಬರೀಲಿಕ್ಕೆ ನಾಚಿಕೆ ಇಲ್ಲ.

ಮಕ್ಕಳ ವಿಷಯ ಹೇಳದಿದ್ರೆ ಆಗುದಿಲ್ಲ. ನಾವು ದೊಡ್ಡವರು ಅಂಗಳದಲ್ಲಿ ನಿಂತು ಅವಳು ದಪ್ಪ ಇವಳು ಸಪೂರ ಅಂತ ಮಾತಾಡುದನ್ನು ಮಕ್ಕಳು ಕೇಳ್ತಾ ಇರ್ತಾರೆ. ನಮ್ಮ ಸಂಬಂಧದಲ್ಲೇ ಪ್ಲಸ್ ಟೂ ಓದುವ ಒಂದು ಹುಡುಗಿ, "ಡುಮ್ಮಿ" ಅಂತ ಭಾವಂದಿರು ತಮಾಷೆ ಮಾಡಿ ಮಾಡಿ, ಮಧ್ಯಾಹ್ನದ ಬುತ್ತಿ ಶಾಲೆಯ ಹಿಂದಿನ ನಾಯಿಗೆ ಹಾಕಿ ಬರ್ತಾ ಇದ್ದಳು, ತಲೆ ತಿರುಗಿ ಬಿದ್ದ ಮೇಲೆ ಮನೆಯವರಿಗೆ ಗೊತ್ತಾದದ್ದು. ಅವಳ ಹತ್ರ ನಾನು ಮಾತಾಡಿದಾಗ "ದೊಡ್ಡಮ್ಮ ನೀವೂ ಇಳಿಸಿದ್ದೀರಲ್ಲ, ನಿಮ್ಮನ್ನು ಎಲ್ಲರೂ ಹೊಗಳ್ತಾರಲ್ಲ" ಅಂದಳು. ಎಂತ ಉತ್ತರ ಕೊಡುದು? ಊಟ ಬಿಡುವ ಇಂಥ ಕಾಯಿಲೆಗೆ ಬೇಕಾದ್ದು ಬುದ್ಧಿವಾದ ಅಲ್ಲ ಚಿಕಿತ್ಸೆ, ಹೆಚ್ಚಾದ್ರೆ ಜೀವಕ್ಕೇ ಅಪಾಯ, ಮನೆಯವರು ಹಠ ಅಂತ ತಿಳ್ಕೊಂಡು ಬೈದು ಕೂತ್ರೆ ಹೊತ್ತು ಮೀರ್ತದೆ.

ಕೊನೆಗೆ ನಮ್ಮ ಕಾಸರಗೋಡಿನದ್ದೇ ಆದ ಕಷ್ಟ, ಇದನ್ನು ನಿಮ್ಮ ಪತ್ರಿಕೆಯಲ್ಲಿ ಬರೆಯದೆ ಬೇರೆ ಎಲ್ಲಿ ಬರೀಲಿ. ಕೇರಳದ ಸರಕಾರಿ ಆಸ್ಪತ್ರೆ ವ್ಯವಸ್ಥೆ ಒಳ್ಳೆದುಂಟು, ಅದನ್ನು ಒಪ್ಪದವರು ಇಲ್ಲ, ಆಶಾ ಕಾರ್ಯಕರ್ತೆಯರು ಮನೆಗೇ ಬಂದು ಶುಗರ್ ಬಿಪಿ ಎಲ್ಲ ವಿಚಾರಿಸಿ ಹೋಗ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ಹೆಂಗಸರಲ್ಲಿ ನೂರಕ್ಕೆ 38 ಜನ ಹೆಚ್ಚು ತೂಕದವರು, ಇಡೀ ದೇಶದಲ್ಲಿ ಅದು 24, ಹಾಗಾಗಿ ಇಲ್ಲಿನ ಆರೋಗ್ಯ ಇಲಾಖೆಗೆ ಈ ವಿಷಯ ದೊಡ್ಡದೇ. ಆದ್ರೆ ನಾನು ಹೋದ ಒಂದು ಕಡೆ ಕೈಗೆ ಕೊಟ್ಟ ಕಾಗದ ಇಡೀ ಮಲಯಾಳದಲ್ಲಿ, ಊಟದ ಬಗ್ಗೆ ಹೇಳಿಕೊಡ್ಲಿಕ್ಕೆ ಬಂದ ಹುಡುಗಿಗೆ ಕನ್ನಡ ಒಂದಕ್ಷರ ಬರುದಿಲ್ಲ, ಒಳ್ಳೆ ಹುಡುಗಿ, ತಾಳ್ಮೆಯಿಂದ ಮಾತಾಡಿದ್ಲು, ಪುಟ್ಟು ಕಡಲ ಅಂತ ಬೆಳಗ್ಗಿನ ತಿಂಡಿ ಬರೆದು ಕೊಟ್ಟಳು, ನಮ್ಮ ನೀರುದೋಸೆ ತಂಬುಳಿ ಅವಳ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇರ್ಲಿ, ಅದನ್ನು ನಾವೇ ಸರಿ ಮಾಡ್ಕೊಳ್ಬಹುದು. ನನಗೆ ಮಲಯಾಳ ಬರ್ತದೆ, ಸಂತೆಗೆ ಆಫೀಸಿಗೆ ಬಸ್ಸಿಗೆ ಧಾರಾಳ ಸಾಕು. ಆದ್ರೆ ರಾತ್ರಿ ಎದ್ದು ಕದ್ದು ತಿಂತೇನೆ, ತಿಂದ ಮೇಲೆ ನನ್ನ ಮೇಲೆ ನನಗೇ ಹೇಸಿಗೆ ಆಗ್ತದೆ, ಅಮ್ಮನ ನೆನಪಾಗ್ತದೆ, ಇದನ್ನು ಹೇಳ್ಲಿಕ್ಕೆ ಸಂತೆಯ ಮಲಯಾಳ ಸಾಕಾಗುದಿಲ್ಲ. "ಎಂದೆಂಗಿಲುಂ ಪ್ರಶ್ನಮುಂಡೋ", ಏನಾದ್ರೂ ತೊಂದರೆ ಉಂಟಾ ಅಂತ ಅವಳು ಕೇಳಿದ್ಲು, "ಇಲ್ಲ" ಅಂತ ಹೇಳಿ ಎದ್ದು ಬಂದೆ. ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಕೊಂಕಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಕಡೆಯ ಹೆಂಗಸರು ಎಷ್ಟು ಜನ ಹೀಗೆ "ಇಲ್ಲ" ಅಂತ ಹೇಳಿ ಎದ್ದು ಬಂದಿರ್ಬಹುದು.

1956ರಲ್ಲಿ ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಶಾಲೆಗೆ ಕನ್ನಡ ಮಾಸ್ಟ್ರು ಬೇಕು, ಕಚೇರಿಯ ಅರ್ಜಿ ಕನ್ನಡದಲ್ಲಿ ಬೇಕು ಅಂತ ನಮ್ಮ ಹಿರಿಯರು ಎಷ್ಟು ಹೋರಾಟ ಮಾಡಿದ್ದಾರೆ, ಈಗಲೂ ಮಾಡ್ತಾ ಇದ್ದಾರೆ, ಅದರ ವರದಿ ನಿಮ್ಮಲ್ಲಿ ಬರ್ತಾ ಇರ್ತದೆ. ಆಸ್ಪತ್ರೆಯ ಆಪ್ತಸಮಾಲೋಚನೆಗೂ ಕನ್ನಡ ಬರುವವರು ಬೇಕು ಅನ್ನುದು ಆ ಬೇಡಿಕೆ ಪಟ್ಟಿಯಲ್ಲಿ ನಾನು ನೋಡ್ಲಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಈ ಭಾಗಕ್ಕೆ ವಾರಕ್ಕೆ ಒಂದು ದಿನ ಕನ್ನಡ ಗೊತ್ತಿರುವ ಒಬ್ಬರು ಬಂದು ಕೂತ್ರೂ ಸಾಕು, ತೂಕ ನೋಡುವ ಕೋಣೆಯಲ್ಲಿ ಅಲ್ಲ, ಬಾಗಿಲು ಹಾಕುವ ಒಂದು ಕೋಣೆಯಲ್ಲಿ. ಯಾಕಂದ್ರೆ ನಮ್ಮ ಊರು ಸಣ್ಣದು, ಲೈನಲ್ಲಿ ನಿಂತವರೆಲ್ಲ ಗುರ್ತದವರೇ.

ಅಷ್ಟರವರೆಗೆ ಒಂದು ದಾರಿ ಉಂಟು, ನನಗೂ ತಡವಾಗಿ ಗೊತ್ತಾದದ್ದು. ಕೇಂದ್ರ ಸರಕಾರದ ಟೆಲಿ ಮಾನಸ್ ಅಂತ 2022ರ ಅಕ್ಟೋಬರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಫೋನ್ ಸೇವೆ, ನಂಬರು 14416, ದುಡ್ಡು ಇಲ್ಲ, ಹಗಲು ರಾತ್ರಿ ಇರ್ತದೆ, ಭಾಷೆ ಆರಿಸ್ಲಿಕ್ಕೆ ಆಗ್ತದೆ, ಅದರಲ್ಲಿ ಕನ್ನಡವೂ ಉಂಟು. ನಾನು ತೋಟದಲ್ಲಿ ಪಂಪ್‌ಶೆಡ್ಡಿನ ಹತ್ರ ನಿಂತು ಮಾತಾಡಿದ್ದು, ಮನೆಯಲ್ಲಿ ನೆಟ್‌ವರ್ಕೂ ಸರಿ ಇಲ್ಲ, ಕಿವಿಗಳೂ ಜಾಸ್ತಿ. ಫೋನಲ್ಲಿ ಮಾತಾಡಿದ್ರೆ ಎಲ್ಲ ಸರಿಯಾಗ್ತದೆ ಅಂತ ನಾನು ಹೇಳುದಿಲ್ಲ, ಆ ದಿನ ರಾತ್ರಿ ನಿದ್ದೆ ಬಂತು, ಅಷ್ಟು ಮಾತ್ರ ಹೇಳ್ತೇನೆ.

ನಿಮ್ಮಲ್ಲಿ ಕೇಳುದು ಇಷ್ಟು. ಮುಂದಿನ ಸಲ ತೂಕದ ಲೇಖನ ಹಾಕುವಾಗ ಇಳಿಸಿದವರನ್ನು ಮಾತ್ರ ಅಲ್ಲ, ಇಳಿಸಿ ಕೆಲವು ವರ್ಷ ಆದವರನ್ನೂ ಮಾತಾಡಿಸಿ, ಮರಳಿ ಏರಿದವರನ್ನೂ ಮಾತಾಡಿಸಿ, ಅವರ ಹೆಸರು ಫೋಟೋ ಬೇಡ. ಒಬ್ಬರು ಮನಃಶಾಸ್ತ್ರಜ್ಞರ ಹತ್ರ ನಮ್ಮ ಕಡೆಯ ಕನ್ನಡದಲ್ಲಿ, ನಮ್ಮ ಕಡೆಯ ಊಟ ಗೊತ್ತಿರುವವರ ಹತ್ರ ಬರೆಸಿ. ಒಂದು ತಿಂಗಳಲ್ಲಿ ಹತ್ತು ಕಿಲೋ ಅಂತ ಬರುವ ಜಾಹೀರಾತು ಅದೇ ಪುಟದ ಕೆಳಗೆ ಹಾಕುದನ್ನು ಬಿಡ್ಲಿಕ್ಕೆ ಆಗ್ತದಾ ನೋಡಿ, ದುಡ್ಡಿನ ವಿಷಯ, ನನಗೂ ಗೊತ್ತಾಗ್ತದೆ. ಅಡುಗೆ ಕಾಲಂ ಮಾತ್ರ ನಿಲ್ಲಿಸ್ಬೇಡಿ, ಅತ್ತೆಯವರು ಅದನ್ನು ಓದ್ಲಿಕ್ಕೇ ಕನ್ನಡಕ ಹಾಕುದು.

ಪತ್ರ ಉದ್ದ ಆಯ್ತು ಅಂತ ಗೊತ್ತುಂಟು. ಜಾಗ ಇಲ್ಲದಿದ್ರೆ ಅಮೆರಿಕದ ವಿಷಯ ಬೇಕಾದ್ರೆ ತೆಗೀರಿ, ಹೋಳಿಗೆಯದ್ದೂ ತೆಗೀರಿ, 14416 ಅನ್ನುವ ನಂಬರು ಮತ್ತು ಕನ್ನಡದಲ್ಲಿ ಮಾತಾಡ್ಬಹುದು ಅನ್ನುವ ಸಾಲು ಮಾತ್ರ ತೆಗೀಬೇಡಿ, ಆಗುದಾದ್ರೆ ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ.

ಇತಿ,
ನಿಮ್ಮ ಓದುಗಳೊಬ್ಬಳು
ಬದಿಯಡ್ಕ, ಕಾಸರಗೋಡು ಜಿಲ್ಲೆ